ಪ್ರಾಸಕ್ಕೆ ಸಿಕ್ಕದ ಪ್ರಾಣಿಗಳು

ದಲಿತ ವಿಮರ್ಶೆ ಇದುವರೆಗೆ ಕಾದಂಬರಿ, ಕಾವ್ಯ, ಆತ್ಮಕಥೆಗಳ ಬಗ್ಗೆ ಸಾಕಷ್ಟು ಜಗಳವಾಡಿದೆ. ಆಡಬೇಕಾದ ಜಗಳವೇ ಅದು. ಆದರೆ ಮೂರು ವರ್ಷದ ಮಗು ಕೈಗೆ ತಗೊಳ್ಳುವ ಬಣ್ಣದ ಪುಸ್ತಕದ ಬಗ್ಗೆ ನಾವು ಮಾತಾಡಿದ್ದು ಕಡಿಮೆ. ಪುಟಕ್ಕೊಂದು ಪ್ರಾಣಿ, ಪ್ರಾಣಿಗೆರಡು ಸಾಲು, ಸಾಲಿನ ತುದಿಗೊಂದು ಪ್ರಾಸ. ಇದರಲ್ಲೇನು ರಾಜಕಾರಣ ಅಂತ ಗೆಳೆಯರು ನಗಬಹುದು. ನಗಲಿ. ಅಕ್ಷರಲೋಕಕ್ಕೆ ಮಗು ಕಾಲಿಡುವುದೇ ಈ ಬಾಗಿಲಿನಿಂದ. ಆ ಬಾಗಿಲಲ್ಲಿ ಯಾವ ಪ್ರಾಣಿ ನಿಂತಿದೆ, ಯಾವುದನ್ನು ಊರಾಚೆ ಕಟ್ಟಿಹಾಕಿದ್ದಾರೆ ಎಂದು ಕೇಳುವುದೂ ವಿಮರ್ಶೆಯ ಕೆಲಸವೇ.

ಮೊದಲು ಪ್ರಾಸದ ಮಾತು. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ ಆರು ಪ್ರಾಸಗಳನ್ನು ಹೇಳುತ್ತದೆ. ಎಂ.ಎ.ಯಲ್ಲಿ ಬಾಯಿಪಾಠ ಮಾಡಿದವರಿಗೆ ನೆನಪಿರುತ್ತೆ. ಸಾಲಿನ ಎರಡನೆಯ ಅಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಸೊನ್ನೆಯಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಬೇರೆ ಬೇರೆ ವ್ಯಂಜನ ಸೇರಿದ ಒತ್ತಕ್ಷರವಾದರೆ ಶರಭ, ಅದೇ ವ್ಯಂಜನದ ಒತ್ತಾದರೆ ಹಯ. ಅಂದರೆ ಕನ್ನಡದ ಪ್ರಾಸಗಳಿಗೆ ಇಟ್ಟಿರುವುದೆಲ್ಲ ಪ್ರಾಣಿಗಳ ಹೆಸರೇ. ಯಾವ ಪ್ರಾಣಿಗಳು? ಅರಸನ ಪೀಠದ್ದು, ಅರಸನ ಸವಾರಿಯದು, ದೇವಸ್ಥಾನದ ಎದುರು ಕೂತದ್ದು. ಆಡು ಒಂದು ಹೇಗೋ ಒಳಗೆ ನುಸುಳಿದೆ. ಯಾರೂ ಕಣ್ಣಾರೆ ಕಾಣದ ಶರಭಕ್ಕೂ ಜಾಗವಿದೆ. ದಿನಾ ಕಾಣುವ ಎಮ್ಮೆ, ಹಂದಿ, ಕತ್ತೆ, ನಾಯಿಗೆ ಇಲ್ಲ.

ಈಗ ಅದೇ ಲಕ್ಷಣವನ್ನು ಹಿಡಿದು ನೋಡಿ. ಹಂದಿ, ಮಂದಿ, ಬಂದಿ: ಸೊನ್ನೆಯಿದೆ, ಆದ್ದರಿಂದ ವೃಷಭಪ್ರಾಸ. ಎಮ್ಮೆ, ಹೆಮ್ಮೆ, ಒಮ್ಮೆ: ಒತ್ತಿದೆ, ಹಯಪ್ರಾಸ. ಕುರಿ, ಮರಿ ಅಂದರೆ ಸಾಕ್ಷಾತ್ ಸಿಂಹಪ್ರಾಸ! ಭಾಷೆಗೆ ಹಂದಿಯನ್ನು ಕಂಡರೆ ಮೈಲಿಗೆಯಿಲ್ಲ. ಮೈಲಿಗೆ ಇರುವುದು ಪ್ರಾಸ ಕಟ್ಟುವವರ ಬೀದಿಯಲ್ಲಿ. ಎಮ್ಮೆಗೆ ಹೆಮ್ಮೆಯನ್ನು ಜೋಡಿಸಲು ಕನ್ನಡ ತಯಾರಾಗಿಯೇ ಕೂತಿರುವಾಗ, ನಮ್ಮ ಮಕ್ಕಳ ಪುಸ್ತಕ ಅದಕ್ಕೆ ಸೋಮಾರಿತನವನ್ನೂ ದಡ್ಡತನವನ್ನೂ ಜೋಡಿಸುತ್ತದೆ. ಹಂದಿ ಬಂದರೆ ಕೊಚ್ಚೆಯ ಜೊತೆಗೇ ಬರುತ್ತದೆ, ಕತ್ತೆ ಬಂದರೆ ಬೈಗುಳವಾಗಿ. ಗೋವಿಂದ ಪೈಯವರು 1911ರಲ್ಲೇ ಆದಿಪ್ರಾಸವನ್ನು ಬಿಟ್ಟರು. ದೊಡ್ಡವರ ಕಾವ್ಯ ಆ ಕಟ್ಟಿನಿಂದ ಬಿಡಿಸಿಕೊಂಡಿತು. ಮಕ್ಕಳ ಪದ್ಯ ಪ್ರಾಸವನ್ನು ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ. ಪ್ರಾಸದಲ್ಲಿ ಹೇಳಿದ್ದು ನಾಲಗೆಯಲ್ಲಿ ಉಳಿಯುತ್ತದೆ. ಸಿದ್ಧಲಿಂಗಯ್ಯನವರು ಹೋರಾಟದ ಹಾಡಿಗೆ ಪ್ರಾಸವನ್ನು ಕರೆತಂದದ್ದೂ ಇದೇ ಕಾರಣಕ್ಕೆ. ಆದರೆ ಒಂದು ಪ್ರಾಣಿಯ ಜೊತೆ ಕಟ್ಟಿದ ತಿರಸ್ಕಾರವೂ ಹಾಗೇ ಉಳಿಯುತ್ತದೆ, ವಾದ ಮಾಡಿ ಬಿಡಿಸುವ ವಯಸ್ಸು ಬರುವ ಮೊದಲೇ.

ಜಿ.ಪಿ. ರಾಜರತ್ನಂ ಅವರ ‘ನಾಯಿಮರಿ’ ಪದ್ಯ ಗೊತ್ತಿಲ್ಲದ ಕನ್ನಡದ ಮಗುವಿಲ್ಲ ಅನ್ನುತ್ತಾರೆ. ಅದರ ಲಯಕ್ಕೆ ನಾನೂ ಮನಸೋತವನೇ. ನಾಯಿಯನ್ನು ಮಾತಾಡಿಸುವುದು, ಅದರ ಉತ್ತರಕ್ಕೆ ಕಾಯುವುದು ಸಣ್ಣ ಗುಣವಲ್ಲ. ಆದರೂ ಒಳಗಿನ ಒಪ್ಪಂದವನ್ನು ಗಮನಿಸಬೇಕು. ತಿಂಡಿ ಸಿಗುತ್ತದೆ, ಬದಲಿಗೆ ಕಳ್ಳರಿಂದ ಮನೆ ಕಾಯಬೇಕು. ಕೂಳಿಗೆ ದುಡಿಮೆ ಎಂಬ ಈ ಲೆಕ್ಕ ಜೀತದ ಮನೆಗಳಿಂದ ಬಂದವರಿಗೆ ಹೊಸದಲ್ಲ. ಕಳ್ಳರು ಬರುವಂಥ ಮನೆ ಯಾರದು ಎಂಬುದು ಇನ್ನೊಂದು ಪ್ರಶ್ನೆ. ಇದೇ ರಾಜರತ್ನಂ ‘ರತ್ನನ ಪದಗಳು’ ಬರೆದಾಗ ಹೆಂಡಗುಡುಕನೊಬ್ಬನ ಆಡುಮಾತನ್ನು ಕಾವ್ಯದೊಳಕ್ಕೆ ನಿರ್ಭಯವಾಗಿ ತಂದರು. ದೊಡ್ಡವರ ಪದ್ಯದಲ್ಲಿ ಸಾಧ್ಯವಾದ ಆ ಮಾತು ಮಕ್ಕಳ ಪದ್ಯದ ನಾಯಿಮರಿಗೆ ಸಿಗಲಿಲ್ಲ. ಅದು ಶಿಷ್ಟ ಕನ್ನಡದಲ್ಲೇ ವಿನಯದಿಂದ ಉತ್ತರಿಸುತ್ತದೆ. ಇದು ಒಬ್ಬ ಕವಿಯ ಮೇಲಿನ ದೂರಲ್ಲ. ಮಗುವಿನ ಕಿವಿಗೆ ಯಾವ ಕನ್ನಡ ಬೀಳಬೇಕು ಎಂದು ಒಂದು ಸಮಾಜ ಮಾಡಿಕೊಂಡ ತೀರ್ಮಾನ.

ಇನ್ನೊಂದು, ಈ ಪುಸ್ತಕಗಳ ಕ್ರಿಯಾಪದ. ಹಸು ಹಾಲು ಕೊಡುತ್ತದೆ, ಕುರಿ ಉಣ್ಣೆ ಕೊಡುತ್ತದೆ, ಕೋಳಿ ಮೊಟ್ಟೆ ಕೊಡುತ್ತದೆ. ಎಲ್ಲವೂ ‘ಕೊಡುತ್ತದೆ.’ ಕರೆಯುವವಳು, ಕತ್ತರಿಸುವವನು, ಸಗಣಿ ಬಾಚುವವಳು, ಮೇಯಿಸುವ ಹುಡುಗ ಚಿತ್ರದಲ್ಲಿಲ್ಲ. ಮತ್ತೆ ಹಸು ಸತ್ತ ಮೇಲೆ? ‘ಗೋವಿನ ಹಾಡಿ’ನ ಪುಣ್ಯಕೋಟಿಯ ಸತ್ಯದ ಬಗ್ಗೆ ಬಹಳ ಚರ್ಚೆಯಾಗಿದೆ. ಹುಲಿಯ ಪರವಾಗಿಯೂ ವಾದ ಮಾಡಿದವರಿದ್ದಾರೆ. ನನ್ನ ಪ್ರಶ್ನೆ ಅದಲ್ಲ. ಪುಣ್ಯಕೋಟಿ ಹುಲಿಯ ಬಾಯಿಂದ ಪಾರಾಗಿ ದೊಡ್ಡಿಗೆ ಹಿಂತಿರುಗಿತು, ಸರಿ. ಮುಂದೊಂದು ದಿನ ಅದಕ್ಕೂ ಮುಪ್ಪು ಬಂದಿರಬೇಕಲ್ಲ? ಆ ದಿನ ಅದನ್ನು ಹೊತ್ತವರು ಯಾರು? ಚರ್ಮ ಸುಲಿದು, ಹದ ಮಾಡಿ, ಮಿಣಿಯಾಗಿ, ಕೆರವಾಗಿ, ತಮಟೆಯಾಗಿ ಊರಿಗೆ ವಾಪಸು ಕೊಟ್ಟವರು ಯಾರು? ಅವರು ಯಾವ ಪದ್ಯದಲ್ಲೂ ಇಲ್ಲ. ಸುಮ್ಮನೆ ಬಿಟ್ಟುಹೋದ ವಿಷಯ ಇದಲ್ಲ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದರೆಂದು ದಲಿತ ಯುವಕರನ್ನು ಬೀದಿಯಲ್ಲಿ ಥಳಿಸಿದರು. ಹಸುವಿನ ಚಿತ್ರ ನೋಡುತ್ತಾ ಬೆಳೆದು, ಚರ್ಮದ ಕೆಲಸದವನ ಚಿತ್ರವನ್ನೇ ನೋಡದ ಕಣ್ಣಿಗೆ ಒಬ್ಬ ದೇವತೆಯಾಗಿ, ಇನ್ನೊಬ್ಬ ಅಪರಾಧಿಯಾಗಿ ಕಾಣುವುದು ಸುಲಭ.

ಮಕ್ಕಳ ಪುಸ್ತಕದಲ್ಲೂ ಜಾತಿ ಹುಡುಕ್ತೀರಾ ಅನ್ನುವವರಿಗೆ ಒಂದು ಮಾತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚೌದಾರ್ ಕೆರೆಯ ನೀರು ಕುಡಿದರು. ದನಕರುಗಳು ಕುಡಿಯಬಹುದಾಗಿದ್ದ ನೀರು ಅದು; ಅಸ್ಪೃಶ್ಯರೆನಿಸಿಕೊಂಡವರು ಮಾತ್ರ ಮುಟ್ಟಬಾರದಿತ್ತು. ಇಂಥ ನೆಲದಲ್ಲಿ ಪ್ರಾಣಿಪ್ರೀತಿ ತನ್ನಷ್ಟಕ್ಕೆ ತಾನೇ ಮುಗ್ಧವಾಗಿ ಇರಲಾರದು. ಜಾತಿಯನ್ನು ಪುಸ್ತಕದೊಳಗೆ ಇಟ್ಟವರು ನಾವಲ್ಲ, ಇದೆ ಎಂದು ತೋರಿಸುತ್ತಿದ್ದೇವೆ ಅಷ್ಟೆ.

ಒಮ್ಮೆ ನನ್ನ ಬಿ.ಎ. ತರಗತಿಯಲ್ಲಿ ನಿಮ್ಮ ಮನೆಯ ಪ್ರಾಣಿಯ ಮೇಲೆ ಎರಡು ಸಾಲು ಪ್ರಾಸ ಕಟ್ಟಿ ಎಂದಿದ್ದೆ. ಗಿಳಿ ಬಂತು, ನವಿಲು ಬಂತು, ಬಿಳಿ ಹಸು ಬಂತು. ಅದೇ ಹುಡುಗರು ಹೊರಗೆ ಕಾರಿಡಾರಿನಲ್ಲಿ ತಮ್ಮ ಮನೆಯ ಕೋಳಿ ಜಗಳ, ಮೇಕೆ ಮಾರಿ ಫೀಸು ಕಟ್ಟಿದ್ದು, ಹಂದಿ ಹಿಡಿಯುವ ಉಪಾಯ ಎಲ್ಲ ಹೇಳಿಕೊಂಡು ನಗುತ್ತಿದ್ದರು. ಇಪ್ಪತ್ತು ವರ್ಷದ ಹುಡುಗ ಕಾಗದದ ಮುಂದೆ ಕೂತ ಕೂಡಲೇ ತನ್ನ ಮೇಕೆಯನ್ನು ಆಚೆಗೆ ಓಡಿಸಿ, ಕಂಡಿಲ್ಲದ ಗಿಳಿಯನ್ನು ಒಳಗೆ ಕರೆಯುತ್ತಾನೆ. ನಾನು ಹೇಳುತ್ತಿರುವ ನಷ್ಟ ಇದು.

ಬೇರೆ ದಾರಿಗಳು ಇಲ್ಲದಿಲ್ಲ. ಹೈದರಾಬಾದಿನ ಅನ್ವೇಷಿ ಸಂಸ್ಥೆ 2008ರಲ್ಲಿ ತಂದ ‘ಡಿಫರೆಂಟ್ ಟೇಲ್ಸ್’ ಮಾಲೆಯಲ್ಲಿ ಮೊಹಮ್ಮದ್ ಖದೀರ್ ಬಾಬು ಬರೆದ ತಲೆಮಾಂಸದ ಸಾರಿನ ಕಥೆಯಿದೆ. ಅಲ್ಲಿ ಆಹಾರಕ್ಕೆ ನಾಚಿಕೆಯಿಲ್ಲ, ಮನೆಯ ಸಂಭ್ರಮವಿದೆ. ಕಂಚ ಐಲಯ್ಯನವರು ಮಕ್ಕಳಿಗಾಗಿ ಬರೆದ ‘ಟರ್ನಿಂಗ್ ದ ಪಾಟ್, ಟಿಲ್ಲಿಂಗ್ ದ ಲ್ಯಾಂಡ್’ (2007) ದನ ಕಾಯುವವರನ್ನೂ ಚರ್ಮ ಹದ ಮಾಡುವವರನ್ನೂ ಈ ನಾಡಿನ ವಿಜ್ಞಾನಿಗಳೆಂದು ತೋರಿಸುತ್ತದೆ. ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಎಂಬ ಗೊಂಡ ಕಲಾವಿದರು ಚಿತ್ರ ಬರೆದ ‘ಭೀಮಾಯಣ’ (2011) ಎಳೆಯ ಮಕ್ಕಳ ಪುಸ್ತಕವಲ್ಲ, ನಿಜ. ಆದರೆ ಪ್ರಾಣಿಯನ್ನು ಹೇಗೆ ಬರೆಯಬಹುದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಮೃದು ಮಾತು ಅಲ್ಲಿ ಹಕ್ಕಿಯ ಆಕಾರದಲ್ಲಿ ಬರುತ್ತದೆ, ಜಾತಿಯ ವಿಷದ ಮಾತಿಗೆ ಚೇಳಿನ ಕೊಂಡಿ ಇರುತ್ತದೆ. ಪ್ರಾಣಿ ಅಲ್ಲಿ ನೀತಿ ಹೇಳುವ ಗೊಂಬೆಯಲ್ಲ, ಲೋಕವನ್ನು ನೋಡುವ ಕಣ್ಣು.

ನಮ್ಮಲ್ಲೇ ದೇವನೂರ ಮಹಾದೇವ ಅವರ ‘ಒಡಲಾಳ’ ಇದೆ. ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಕೇರಿಯೆಲ್ಲ ಅಲೆಯುತ್ತಾಳೆ. ಅದು ಅವಳಿಗೆ ಮುದ್ದಿನ ಪ್ರಾಣಿಯೂ ಹೌದು, ಆಸ್ತಿಯೂ ಹೌದು, ಮರ್ಯಾದೆಯೂ ಹೌದು. ಅದೇ ಮನೆಯಲ್ಲಿ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ನನ್ನ ಹುಡುಗರು ಬರೆದ ನವಿಲಿಗೂ ಇವಳ ನವಿಲಿಗೂ ವ್ಯತ್ಯಾಸವಿದೆ: ಇವಳಿಗೆ ನವಿಲು ಬರೆಯಲು ಹುಂಜವನ್ನು ಓಡಿಸಬೇಕಾಗಿಲ್ಲ. ಎರಡೂ ಒಂದೇ ಸೂರಿನಡಿ ಇವೆ. ನಾವು ಕೇಳುತ್ತಿರುವುದು ಗಿಳಿ ನವಿಲುಗಳ ಬಹಿಷ್ಕಾರವಲ್ಲ, ಈ ಸೂರು.

ಅದಕ್ಕೇ ಇದನ್ನು ಓದುತ್ತಿರುವ ಕವಿಗಳಿಗೆ, ಸಂಘಟನೆಯ ಗೆಳೆಯರಿಗೆ ನನ್ನ ಬೇಡಿಕೆ ಸರಳ. ದೊಡ್ಡ ಕವಿತೆಯ ನಡುವೆ ಹದಿನಾರು ಸಾಲು ಸಣ್ಣ ಮಕ್ಕಳಿಗೂ ಬರೆಯಿರಿ. ಎಮ್ಮೆಯ ಮೇಲೆ ಬರೆಯಿರಿ, ಅದರ ಬೆನ್ನ ಮೇಲೆ ಕೂತ ಹುಡುಗಿಯನ್ನು ಬಿಡದೆ ಬರೆಯಿರಿ. ತಮಟೆಯ ಗತ್ತಿನಲ್ಲೇ ಬರೆಯಿರಿ. ಆ ಗತ್ತು ಯಾವ ಪ್ರಾಣಿಯ ಚರ್ಮದಿಂದ, ಯಾರ ಕೈಯಿಂದ ಬಂತು ಎಂಬುದನ್ನೂ ಹೇಳಿ. ಹಂದಿಗೆ ಮಂದಿ ಎಂಬ ಪ್ರಾಸ ಸಾವಿರ ವರ್ಷದಿಂದ ಕಾದು ಕೂತಿದೆ. ಕೇರಿಯ ಮಗು ಪುಟ ತಿರುವಿದಾಗ ತನ್ನ ಮನೆಯ ಪ್ರಾಣಿಯ ಜೊತೆ ತನ್ನ ಮನೆಯ ಮಂದಿಯೂ ಅಲ್ಲಿ ನಿಂತಿರಲಿ.