ಹೆಂಚಿನ ಮನೆಗೆ ಎಷ್ಟು ಟನ್?

ಮಾರ್ಚ್ ಕಳೆಯುತ್ತಿದ್ದಂತೆ ದಿನಪತ್ರಿಕೆಗಳ ಪುರವಣಿಗಳಲ್ಲಿ ಒಂದು ಬಗೆಯ ಲೇಖನ ತಪ್ಪದೆ ಕಾಣಿಸಿಕೊಳ್ಳುತ್ತದೆ. ಹಳೆಯ ಮನೆಯನ್ನು ತಂಪಾಗಿಡುವುದು ಹೇಗೆ ಎಂಬುದು ಅದರ ವಿಷಯ. ಏ.ಸಿ. ಮಾರುವ ಅಂಗಡಿಗಳ ಕರಪತ್ರಗಳಲ್ಲೂ ಅದೇ ಪಾಠ. ಕೊಠಡಿ 100 ಚದರಡಿ ಇದ್ದರೆ 1 ಟನ್, 150 ಇದ್ದರೆ ಒಂದೂವರೆ ಟನ್. ಸಂದುಗೊಂದುಗಳನ್ನೆಲ್ಲ ಮುಚ್ಚಿ. ಹೆಂಚಿನ ಮಾಡಾದರೆ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿ. ಫಿಲ್ಟರ್ ತೊಳೆಯಿರಿ, ಪಶ್ಚಿಮದ ಕಿಟಕಿಗೆ ನೆರಳು ಮಾಡಿ ಎಂಬ ಒಳ್ಳೆಯ ಮಾತುಗಳೂ ಇರುತ್ತವೆ; ಅವುಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಮೊದಲ ಮೂರರ ಬಗ್ಗೆ. ಹಳೆಯ ಮನೆ ಎಂದು ಹೆಸರು ಹೇಳಿ ಅವು ಕೊಡುವುದು ಹೊಸ ಫ್ಲ್ಯಾಟಿನ ಲೆಕ್ಕ.

ದಕ್ಷಿಣ ಕನ್ನಡದಲ್ಲಿರುವ ನನ್ನ ಭಾವನವರು ಈ ಮೂರೂ ಸಲಹೆಗಳನ್ನು ಚಾಚೂ ತಪ್ಪದೆ ಪಾಲಿಸಿದರು. ಮುರಕಲ್ಲಿನ ಗೋಡೆ, ಮಂಗಳೂರು ಹೆಂಚು, 12 ಚದರ ಮೀಟರ್ ಕೊಠಡಿ. ಹಳೆಯ ಮನೆಯಲ್ಲವೇ, ಸ್ವಲ್ಪ ಹೆಚ್ಚೇ ಇರಲಿ ಎಂದು ಅಂಗಡಿಯವರು 2 ಟನ್ನಿನ ಯಂತ್ರ ಕೊಟ್ಟರು. ಎರಡನೆಯ ವರ್ಷದ ಮೇ ತಿಂಗಳಲ್ಲಿ ಫೋನ್ ಬಂತು: "ಭಾವ, ಮಳೆಯೇ ಇಲ್ಲ, ಮಾಡು ಸೋರ್ತಾ ಉಂಟು!" ಹೋಗಿ ನೋಡಿದೆ. ಜಿಪ್ಸಂ ಹಲಗೆಯ ತುಂಬ ಕಪ್ಪು ಬೂಸಲಿನ ಕಲೆಗಳು. ಟಾರ್ಚ್ ಹಿಡಿದು ಮೇಲೆ ಹತ್ತಿದರೆ ಹೆಂಚು, ರೀಪು, ಪಕಾಸು ಎಲ್ಲ ಒಣಗಿಯೇ ಇವೆ. ಹಲಗೆಯ ಮೇಲ್ಮುಖದಲ್ಲಿ ಮಾತ್ರ ನೀರಿನ ಹನಿಗಳು.

ಈ ನೀರು ಎಲ್ಲಿಯದು? ಕರಾವಳಿಯ ಮೇ ತಿಂಗಳ ಗಾಳಿಯ ತಾಪ 32 ಡಿಗ್ರಿ ಸೆ., ಸಾಪೇಕ್ಷ ಆರ್ದ್ರತೆ ಶೇ. 75 ಎಂದಿಟ್ಟುಕೊಳ್ಳಿ. ಆ ಗಾಳಿಯ ಇಬ್ಬನಿ ಬಿಂದು ಸುಮಾರು 27 ಡಿಗ್ರಿ. ಹೆಂಚಿನಡಿ ಅದು ಇನ್ನಷ್ಟು ಕಾದರೆ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆಯೇ ಹೊರತು ಇಬ್ಬನಿ ಬಿಂದು ಬದಲಾಗುವುದಿಲ್ಲ. ಗಾಳಿಯಲ್ಲಿರುವ ಆವಿ ಅಷ್ಟೇ ತಾನೆ. ಕೆಳಗೆ ಭಾವನವರು ಯಂತ್ರವನ್ನು 20 ಡಿಗ್ರಿಗೆ ಇಟ್ಟಿದ್ದರು. ತೆಳು ಹಲಗೆಯ ಮೇಲ್ಮುಖ 27ಕ್ಕಿಂತ ಬಹಳ ಕೆಳಗಿಳಿದಿತ್ತು. ತಣ್ಣೀರಿನ ಲೋಟದ ಹೊರಮೈ ಬೆವರುವುದನ್ನು ನೀವು ತರಗತಿಯಲ್ಲಿ ತೋರಿಸಿದ್ದೀರಿ. ಇಲ್ಲಿ ಬೆವರಿದ್ದು ಸೀಲಿಂಗ್.

20 ಡಿಗ್ರಿಗೆ ಏಕೆ ಇಟ್ಟರು ಎಂಬುದು ಇನ್ನೂ ಸ್ವಾರಸ್ಯಕರ. ಟನ್ ಎಂದರೆ ಏನೆಂದು ಮೊದಲು ನೋಡೋಣ. 907 ಕಿಲೋಗ್ರಾಂ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಉಷ್ಣದ ದರ ಅದು. ಕಿಲೋಗ್ರಾಮಿಗೆ 334 ಕಿಲೋಜೂಲ್ ಗುಪ್ತೋಷ್ಣ ಹಿಡಿದು ಲೆಕ್ಕ ಮಾಡಿದರೆ ಸುಮಾರು 3.5 ಕಿಲೋವಾಟ್ ಬರುತ್ತದೆ. ಇನ್ನು ಕೊಠಡಿಯ ಗಾತ್ರ 36 ಘನ ಮೀಟರ್. ಸಂದುಗಳ ಮೂಲಕ ಗಂಟೆಗೆ 5 ಬಾರಿ ಗಾಳಿ ಬದಲಾಗುತ್ತದೆನ್ನಿ; ಹೆಂಚಿನ ಮನೆಗೆ ಇದು ಹೆಚ್ಚೇನಲ್ಲ. ಒಳಗೆ 26 ಡಿಗ್ರಿ, ಶೇ. 55 ಆರ್ದ್ರತೆ ಬೇಕು. ಒಳಬರುವ ಗಾಳಿಯ ತಾಪ ಇಳಿಸಲು ಬೇಕಾಗುವುದು ಸುಮಾರು 350 ವಾಟ್. ಅದರ ಹೆಚ್ಚುವರಿ ಆವಿಯನ್ನು ನೀರಾಗಿಸಲು ಬೇಕಾಗುವುದು ಸುಮಾರು 1550 ವಾಟ್! ಗಂಟೆಗೆ 2.3 ಲೀಟರ್ ನೀರು ತೆಗೆಯಬೇಕು. ಅಂದರೆ ಇಲ್ಲಿ ಯಂತ್ರದ ಮುಖ್ಯ ಕೆಲಸ ಗಾಳಿಯನ್ನು ಒಣಗಿಸುವುದು. ಚದರಡಿಯ ಸೂತ್ರದಲ್ಲಿ ಈ ಅಂಶಕ್ಕೆ ಜಾಗವೇ ಇಲ್ಲ.

ಒಣಗಿಸಬೇಕಾದರೆ ಯಂತ್ರದ ತಣ್ಣನೆಯ ಸುರುಳಿ ಬಹಳ ಹೊತ್ತು ತಣ್ಣಗಿರಬೇಕು. ಅಗತ್ಯಕ್ಕಿಂತ ದೊಡ್ಡ ಯಂತ್ರ ಕೊಠಡಿಯ ತಾಪವನ್ನು ಕೆಲವೇ ನಿಮಿಷಗಳಲ್ಲಿ ಇಳಿಸಿ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಸುರುಳಿಗೆ ಅಂಟಿದ ನೀರು ಫ್ಯಾನಿನ ಗಾಳಿಗೆ ಮತ್ತೆ ಆವಿಯಾಗಿ ಕೊಠಡಿಗೇ ಮರಳುತ್ತದೆ. ಇನ್ವರ್ಟರ್ ಯಂತ್ರಗಳಲ್ಲಿ ಈ ತೊಂದರೆ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ. ಚಳಿಯಿದೆ, ಆದರೂ ಮೈ ಅಂಟಂಟು. ಮನೆಯವರು ರಿಮೋಟ್ ಒತ್ತಿ ತಾಪವನ್ನು ಇನ್ನೂ ಇಳಿಸುತ್ತಾರೆ, ಸೀಲಿಂಗ್ ಇನ್ನೂ ಬೆವರುತ್ತದೆ. 2020ರ ಜನವರಿಯಿಂದ ನಮ್ಮ ದೇಶದ ಕೊಠಡಿ ಏ.ಸಿ.ಗಳು ಚಾಲೂ ಆದಾಗ ತಾವಾಗಿ 24 ಡಿಗ್ರಿಗೆ ಇರಬೇಕೆಂಬ ನಿಯಮವಿದೆ. ಗುಂಡಿ ಒತ್ತುವ ಬೆರಳಿಗೆ ಆ ನಿಯಮ ಅಡ್ಡಬರುವುದಿಲ್ಲ.

ಸಂದು ಮುಚ್ಚುವ, ಗೋಡೆಯ ಒಳಮೈಗೆ ಆವಿ ದಾಟದ ಬಣ್ಣ ಅಥವಾ ಹಾಳೆ ಹೊದಿಸುವ ಸಲಹೆ ಚಳಿ ದೇಶಗಳದು. ಅಲ್ಲಿ ಒಳಗೆ ಬೆಚ್ಚಗೆ, ಹೊರಗೆ ಒಣಚಳಿ. ಆವಿ ಒಳಗಿನಿಂದ ಹೊರಕ್ಕೆ ಸರಿಯುತ್ತದೆ. ಅದಕ್ಕೇ ತಡೆ ಒಳಮೈಗೆ. ಏ.ಸಿ. ಹಾಕಿದ ಮಂಗಳೂರಿನ ಮನೆಯಲ್ಲಿ ಬೆಚ್ಚಗಿನ ಪಕ್ಕ ಹೊರಗಿನದು. ಆವಿ ಗೋಡೆಯೊಳಗೆ ಬಂದು, ತಣ್ಣನೆಯ ಹಾಳೆಯ ಹಿಂದೆ ಸಿಕ್ಕಿಕೊಂಡು ನೀರಾಗುತ್ತದೆ. ಸುಣ್ಣದ ಗಾರೆ ಆವಿಯನ್ನು ಎರಡೂ ಕಡೆಗೆ ಬಿಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಆ ಗುಣ ಹೋಯಿತು.

ಭಾವನವರು ಬೂಸಲು ಹಿಡಿದ ಹಲಗೆಗಳನ್ನು ಬದಲಾಯಿಸಿ, ಮೇಲ್ಗಡೆ ಶಾಖನಿರೋಧಕ ಹಾಸಿ, ಅದರ ಅಲ್ಯೂಮಿನಿಯಂ ಮುಖವನ್ನು ಹೆಂಚಿನ ಕಡೆಗೆ ತಿರುಗಿಸಿ, ಕೀಲುಗಳಿಗೆ ಟೇಪ್ ಅಂಟಿಸಿದರು. ಹೆಂಚಿನ ಸಂದುಗಳನ್ನು ಮುಟ್ಟಲಿಲ್ಲ. ಬಿಸಿಗಾಳಿ ಹೊರಹೋಗುವ ದಾರಿ ಅದು. ಈಗ ಯಂತ್ರ 26ರಲ್ಲಿದೆ, ಜೊತೆಗೆ ಫ್ಯಾನ್ ತಿರುಗುತ್ತದೆ. ಹೊಸ ಹಲಗೆಗಳಿಗೆ ಕಲೆ ಬಂದಿಲ್ಲ. ಹಳೆಯವಕ್ಕೆ ಕೊಟ್ಟ ಹಣ ಮಾತ್ರ ಹೋದದ್ದೇ.

ಬಯಲುಸೀಮೆಯ ತಾರಸಿ ಮನೆಗೂ ಚದರಡಿಯ ಲೆಕ್ಕ ಹೊಂದುವುದಿಲ್ಲ. ಮಾಸಿದ ಕಪ್ಪು ತಾರಸಿ ಬಿಸಿಲಿನ ಶೇ. 80ರಷ್ಟನ್ನು ಹೀರಿದರೆ, ನಡುಹಗಲಲ್ಲಿ 100 ಚದರಡಿಯ ಮೂಲಕ ಒಳಬರುವ ಉಷ್ಣ ಸುಮಾರು 1250 ವಾಟ್‌ವರೆಗೆ ಏರಬಹುದು. ಬಿಳಿ ಸುಣ್ಣ ಬಳಿದು ಹೀರಿಕೆಯನ್ನು ಶೇ. 30ಕ್ಕೆ ಇಳಿಸಿದರೆ ಅದು ಅರ್ಧವಾಗುತ್ತದೆ. ಮೇಲೆ ಇನ್ನೊಂದು ಅಂತಸ್ತಿದ್ದರೆ ಹೆಚ್ಚುಕಡಿಮೆ ಸೊನ್ನೆ. ಕೊಠಡಿಯ ವಿಸ್ತೀರ್ಣ ಮೂರರಲ್ಲೂ ಒಂದೇ!

ಮಡಿಕೇರಿಯ ಚಳಿಗೆ ಎಣ್ಣೆ ತುಂಬಿದ ಹೀಟರ್ ಕೊಂಡರೆ ವಿದ್ಯುತ್ ಉಳಿಯುತ್ತದೆಂದೂ ಬರೆಯುತ್ತಾರೆ. 2000 ವಾಟ್ ತಿನ್ನುವ ಯಾವ ಹೀಟರೂ ಕೊಡುವುದು 2000 ವಾಟ್ ಉಷ್ಣವನ್ನೇ. ಅದಕ್ಕಿಂತ ಗಂಭೀರವಾದದ್ದು, ಸಂದು ಮುಚ್ಚಿ ಎಂದವರೇ ಇದ್ದಿಲ ಅಗ್ಗಿಷ್ಟಿಕೆಯನ್ನೂ ಸೂಚಿಸುವುದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಮಲಗಿದವರು ಏಳದೇ ಹೋಗಬಹುದು.

ನೀರಿನ ಕೂಲರ್ ಕೊಳ್ಳಬೇಕೇ ಎಂದು ವಿದ್ಯಾರ್ಥಿಗಳ ಮನೆಯವರು ಕೇಳಿದರೆ ಪ್ರಯೋಗಾಲಯದ ಎರಡು ತಾಪಮಾಪಕಗಳು ಸಾಕು. ಒಂದರ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಬೀಸಣಿಗೆಯಿಂದ ಗಾಳಿ ಹಾಕಿ. 40 ಡಿಗ್ರಿ, ಶೇ. 20 ಆರ್ದ್ರತೆಯಿರುವ ರಾಯಚೂರಿನ ಮಧ್ಯಾಹ್ನ ಒದ್ದೆ ಮಾಪಕ ಸುಮಾರು 22ಕ್ಕೆ ಇಳಿಯುತ್ತದೆ, ಧೈರ್ಯವಾಗಿ ಕೊಳ್ಳಲಿ. ಮಂಗಳೂರಿನ ಆ 32 ಡಿಗ್ರಿಯಲ್ಲಿ ಅದು 28ರಲ್ಲೇ ನಿಲ್ಲುತ್ತದೆ. ಅಲ್ಲಿ ಕೂಲರ್ ಬೇಡ.