ಉಬ್ಬಿದ ನೆತ್ತಿ, ಒಣಗಿದ ಅಂಚು

ಮನೆಯ ಓವನ್ನಿನಲ್ಲಿ ಬೆಂದ ಕೇಕಿನ ನಡುಭಾಗ ದಿಬ್ಬದಂತೆ ಉಬ್ಬುವುದಕ್ಕೆ ಕಾರಣ ಇರುವುದು ನಡುವಿನಲ್ಲಲ್ಲ, ಅಂಚಿನಲ್ಲಿ. ಲೋಹದ ಟಿನ್ನು ಓವನ್ನಿನ ಕಾವನ್ನು ಬೇಗ ಹೀರಿ ತನಗೆ ತಾಗಿದ ಹಿಟ್ಟಿಗೆ ದಾಟಿಸುತ್ತದೆ. ಅಲ್ಲಿ ಮೊಟ್ಟೆ ಹೆಪ್ಪುಗಟ್ಟುತ್ತದೆ, ಮೈದಾದ ಪಿಷ್ಟ ನೀರು ಕುಡಿದು ಬಿಗಿಯುತ್ತದೆ, ಅಂಚು ಏರುವುದು ನಿಲ್ಲುತ್ತದೆ. ನಡುವಿನ ಹಿಟ್ಟು ಆಗ ಇನ್ನೂ ನೀರುನೀರಾಗಿಯೇ ಇರುತ್ತದೆ. ಗಾಳಿಗುಳ್ಳೆಗಳಿಂದ ತುಂಬಿದ ಕೇಕಿನ ಹಿಟ್ಟಿನಲ್ಲಿ ಕಾವು ಬಹಳ ನಿಧಾನವಾಗಿ ಒಳಸಾಗುವುದರಿಂದ, ಅಂಚು ಗಟ್ಟಿಯಾದ ಮೇಲೂ ಬಹಳ ಹೊತ್ತು ಬೇಕಿಂಗ್ ಪೌಡರಿನ ಅನಿಲ ಮತ್ತು ನೀರಾವಿ ನಡುವನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಕಾವು ತೀರಾ ಜೋರಾಗಿದ್ದರೆ ಮೇಲ್ಮೈಯೂ ಬೇಗ ಗಟ್ಟಿಯಾಗುತ್ತದೆ, ಒಳಗಿನ ಒತ್ತಡ ಅದನ್ನು ಸೀಳಿಕೊಂಡು ಹೊರಬರುತ್ತದೆ.

ಹಾಗಾಗಿ ಉಬ್ಬಿದ ನೆತ್ತಿಯನ್ನು ಅಂದದ ಕೊರತೆಯೆಂದಷ್ಟೇ ನೋಡುವುದು ಸರಿಯಲ್ಲ. ನಡು ಬೇಯುವವರೆಗೆ ಕಾದಿದ್ದರಿಂದ ಅಂಚು ಅಗತ್ಯಕ್ಕಿಂತ ಹೆಚ್ಚು ಹೊತ್ತು ಬೆಂದಿದೆ ಎಂಬುದನ್ನು ಅದು ತೋರಿಸಿಕೊಡುತ್ತದೆ. ಕೇಕನ್ನು ಸಮತಟ್ಟಾಗಿಸಲು ಮನೆಗಳಲ್ಲಿ ಬಳಕೆಯಲ್ಲಿರುವ ಉಪಾಯಗಳು ಹಲವು. ಅವುಗಳ ಬೆಲೆ ಕಟ್ಟಬೇಕಾದದ್ದು ಮೇಲ್ಮೈ ನೋಡಿ ಅಲ್ಲ, ಅಂಚಿನ ಒಂದು ತುಂಡನ್ನು ಮುರಿದು ತಿಂದು. ಅಂಚಿನ ತಿರುಳು ನಡುವಿನಷ್ಟೇ ಮೆತ್ತಗಿದ್ದರೆ ಉಪಾಯ ಗೆದ್ದಿದೆ.

ಎಲ್ಲ ಕೇಕಿಗೂ ಈ ಅಳತೆ ಸಲ್ಲುವುದಿಲ್ಲ. ಉದ್ದನೆಯ ಟಿನ್ನಿನಲ್ಲಿ ಬೇಯುವ ಪೌಂಡ್ ಕೇಕಿಗೆ ನೆತ್ತಿಯ ಬಿರುಕೇ ಲಕ್ಷಣ. ಫ್ರಾನ್ಸಿನ ಮ್ಯಾಡಲಿನ್‌ಗೆ ಬೆನ್ನಿನ ಗುಬುಟು ಇಲ್ಲದಿದ್ದರೆ ಕಳೆಯೇ ಇಲ್ಲ. ಪದರದ ಮೇಲೆ ಪದರ ಕೂರಿಸಿ ನಡುವೆ ಕ್ರೀಮ್ ಹಚ್ಚುವ ಕೇಕಿನ ಮಾತು ಬೇರೆ. ಅಲ್ಲಿ ಒಂದು ಪದರ ಉಬ್ಬಿದ್ದರೆ ಮೇಲಿನದು ಅಲ್ಲಾಡುತ್ತದೆ, ಇಲ್ಲವೇ ನಡುವೆ ಬಿರುಕು ಬಿಡುತ್ತದೆ, ಅಂಚಿನ ಸಂದನ್ನು ತುಂಬಲು ಕ್ರೀಮ್ ಬೇಕಾದ್ದಕ್ಕಿಂತ ಹೆಚ್ಚು ಸುರಿಯಬೇಕಾಗುತ್ತದೆ.

ಅತಿ ಹೆಚ್ಚು ಬಳಕೆಯಲ್ಲಿರುವ ಉಪಾಯ ಕತ್ತರಿಸುವುದು. ಕೇಕನ್ನು ಪೂರ್ತಿ ಆರಿಸಿ, ಒಂದೆರಡು ಗಂಟೆ ಫ್ರಿಜ್ಜಿನಲ್ಲಿಟ್ಟು, ಹಲ್ಲಿನ ಚಾಕುವಿನಿಂದ ನೆತ್ತಿಯನ್ನು ಸವರಿದರೆ ಪದರ ನೇರವಾಗುತ್ತದೆ. ಕೈ ಪಳಗದವರು ಸುತ್ತಲೂ ಒಂದೇ ಎತ್ತರಕ್ಕೆ ಹಲ್ಲುಕಡ್ಡಿ ಚುಚ್ಚಿ ಅದರ ಗುರುತಿನಲ್ಲಿ ಕೊಯ್ಯುತ್ತಾರೆ. ಕೆಲಸ ಅಚ್ಚುಕಟ್ಟು, ಫಲ ಖಚಿತ. ಕೊಯ್ದ ತುಂಡುಗಳು ಮನೆಯ ಮಕ್ಕಳ ಪಾಲಾಗುವುದರಿಂದ ನಷ್ಟವೂ ದೊಡ್ಡದಲ್ಲ. ಆದರೆ ಕೊಯ್ದು ತೆಗೆಯುವುದು ಕೇಕಿನಲ್ಲೇ ಅತ್ಯಂತ ಹದವಾಗಿ ಬೆಂದ ನಡುಭಾಗವನ್ನು. ಉಳಿಸಿಕೊಳ್ಳುವುದು ಒಣಗಿದ ಅಂಚನ್ನು. ಅದೂ ಅಲ್ಲದೆ ಕೊಯ್ದ ಮೇಲ್ಮೈಯಿಂದ ಪುಡಿ ಉದುರಿ ಕ್ರೀಮಿಗೆ ಅಂಟುತ್ತದೆ. ಉತ್ಸವದ ದೊಡ್ಡ ಕೇಕುಗಳಿಗೆ ಕೊನೆಯ ಒಪ್ಪವಾಗಿ ಕತ್ತರಿಸುವುದು ಬೇಕೇಬೇಕು, ಮೂಲ ಪರಿಹಾರವಾಗಿ ಅದು ಸಾಲದು.

ಓವನ್ನಿನಿಂದ ತೆಗೆದ ಕೂಡಲೇ ಒಗೆದ ಬಟ್ಟೆಯನ್ನಿಟ್ಟು ನೆತ್ತಿಯನ್ನು ಅದುಮುವ ಪದ್ಧತಿ ಇದಕ್ಕಿಂತ ಕೆಟ್ಟದ್ದು. ಬಿಸಿ ತಿರುಳಿನ ಗಾಳಿಗುಳ್ಳೆಗಳು ಒಡೆದು ನಡುಭಾಗ ಅಂಟಂಟಾಗುತ್ತದೆ. ಒಣ ಅಂಚು, ಒತ್ತಿದ ನಡು, ಎರಡು ದೋಷಗಳೂ ಒಂದೇ ಕೇಕಿನಲ್ಲಿ ಕೂಡುತ್ತವೆ. ಹಿಟ್ಟನ್ನು ಟಿನ್ನಿಗೆ ಸುರಿದ ಮೇಲೆ ನಡುವೆ ಗುಳಿ ಮಾಡಿ ಅಂಚಿಗೆ ಏರಿಸುವುದು ನಿರುಪದ್ರವಿ. ಬೆಣ್ಣೆ ಕೇಕಿನ ಗಟ್ಟಿ ಹಿಟ್ಟಿನಲ್ಲಿ ಅದು ಸ್ವಲ್ಪ ನೆರವಾಗುತ್ತದೆ. ಎಣ್ಣೆಯ ತೆಳು ಹಿಟ್ಟು ಮಾತ್ರ ಕ್ಷಣದಲ್ಲೇ ಸಮವಾಗಿ ಹರಡಿ ಗುಳಿಯನ್ನು ಅಳಿಸಿಹಾಕುತ್ತದೆ.

ಕಾರಣಕ್ಕೇ ಕೈ ಹಾಕುವ ಉಪಾಯವೆಂದರೆ ಟಿನ್ನಿಗೆ ಸುತ್ತುವ ಒದ್ದೆ ಪಟ್ಟಿ. ಹಳೆಯ ಟರ್ಕಿ ಟವೆಲನ್ನು ಟಿನ್ನಿನ ಎತ್ತರಕ್ಕೆ ಸರಿಯಾಗಿ ಉದ್ದುದ್ದ ಕತ್ತರಿಸಿ, ನೀರಿನಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ಹೊರಗಿನಿಂದ ಬಿಗಿಯಾಗಿ ಸುತ್ತಿ ಪಿನ್ನು ಹಾಕಿದರೆ ಮುಗಿಯಿತು. ಅಂಗಡಿಯಲ್ಲಿ ಸಿಗುವ ಪಟ್ಟಿಗಳೂ ಮಾಡುವುದು ಇದನ್ನೇ. ಬಟ್ಟೆಯಲ್ಲಿ ನೀರು ಇರುವವರೆಗೆ ಅದರ ಕಾವು 100 ಡಿಗ್ರಿ ಸೆಲ್ಸಿಯಸ್ಸನ್ನು ಮೀರಲಾರದು. ಸುತ್ತಲಿನ ಗಾಳಿ 175 ಡಿಗ್ರಿ ಇದ್ದರೂ ಟಿನ್ನಿನ ಗೋಡೆ ತಣ್ಣಗಿರುತ್ತದೆ. ಅಂಚು ತಡವಾಗಿ ಗಟ್ಟಿಯಾಗುತ್ತದೆ, ನಡುವಿನ ಜೊತೆಜೊತೆಗೇ ಏರುತ್ತದೆ. ಹಬೆಯಲ್ಲಿ ಬೇಯುವ ತಟ್ಟೆ ಇಡ್ಲಿಯನ್ನು ನೆನೆದರೆ ಈ ತತ್ವ ಸುಲಭವಾಗಿ ಹೊಳೆಯುತ್ತದೆ. ಅಲ್ಲಿ ಅಂಚಿನ ಕಾವಿಗೆ ಹಬೆಯೇ ಮಿತಿ ಹಾಕುತ್ತದೆ, ಆದ್ದರಿಂದ ಅಂಚು ಸೀಯುವ ಮಾತೇ ಇಲ್ಲ. ಒದ್ದೆ ಪಟ್ಟಿ ಕಟ್ಟಿದ ಕೇಕಿನ ಪಕ್ಕಗಳು ಕಂದು ತಿರುಗದೆ ತಿಳಿಬಣ್ಣದಲ್ಲೇ ಉಳಿಯುತ್ತವೆ, ತಿರುಳು ಅಂಚಿನವರೆಗೂ ಒಂದೇ ಹದದಲ್ಲಿರುತ್ತದೆ. ಕಾಸು ಖರ್ಚಿಲ್ಲದ ಒಂದು ತುಂಡು ಬಟ್ಟೆ ಇಷ್ಟು ಕೆಲಸ ಮಾಡುವುದು ಅಡುಗೆಮನೆಯ ಬೆರಗುಗಳಲ್ಲಿ ಒಂದು. ಬೇಯುವ ಸಮಯ ಐದರಿಂದ ಹತ್ತು ನಿಮಿಷ ಹೆಚ್ಚುತ್ತದೆ, ಅದನ್ನು ಸಹಿಸಬೇಕು. ಬಟ್ಟೆ ಅಪ್ಪಟ ಹತ್ತಿಯದೇ ಆಗಿರಬೇಕು, ಸಣ್ಣ ಓಟಿಜಿ ಓವನ್ನಿನಲ್ಲಿ ಅದರ ತುದಿ ಕಾದ ಸರಳಿಗೆ ತಾಗಬಾರದು.

ಪಟ್ಟಿಯ ನಂತರದ ಸ್ಥಾನ ಕಡಿಮೆ ಕಾವಿನದು. ಪಾಕವಿಧಾನಗಳು ಸಾಮಾನ್ಯವಾಗಿ ಹೇಳುವ 180 ಡಿಗ್ರಿಯ ಬದಲು 160ರಿಂದ 165 ಡಿಗ್ರಿಯಲ್ಲಿ ಬೇಯಿಸಿದರೆ ಅಂಚಿಗೂ ನಡುವಿಗೂ ಇರುವ ಅಂತರ ಕುಗ್ಗುತ್ತದೆ, ನೆತ್ತಿ ಸೌಮ್ಯವಾಗುತ್ತದೆ. ಇದಕ್ಕೊಂದು ಮಿತಿ ಇದೆ. ಇನ್ನೂ ಕೆಳಗಿಳಿಸಿದರೆ ಹಿಟ್ಟು ಗಟ್ಟಿಯಾಗುವ ಮೊದಲೇ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿ, ತಿರುಳು ಒರಟಾಗುತ್ತದೆ, ಕೆಲವೊಮ್ಮೆ ನಡು ಕುಸಿಯುತ್ತದೆ.

ಈ ಸಂಖ್ಯೆಗಳಿಗೆಲ್ಲ ಅರ್ಥ ಬರುವುದು ಓವನ್ನಿನ ಗುಂಡಿ ನಿಜ ಹೇಳಿದಾಗ ಮಾತ್ರ. ಮನೆಯ ಓವನ್ನುಗಳಲ್ಲಿ ಗುಂಡಿ ತೋರಿಸುವ ಕಾವಿಗೂ ಒಳಗಿನ ಕಾವಿಗೂ ವ್ಯತ್ಯಾಸ ಇರುವುದೇ ಹೆಚ್ಚು; ಒಳಗೆ ತೂಗುಹಾಕುವ ಸಣ್ಣ ಥರ್ಮಾಮೀಟರ್ ಇಲ್ಲದೆ ಅದು ತಿಳಿಯುವುದಿಲ್ಲ. ಕೇಕಿನ ಸಾಮಗ್ರಿಗೆ ದುಡ್ಡು ಹಾಕುವ ಮನೆ ಮೊದಲು ಕೊಳ್ಳಬೇಕಾದ ಸಾಧನ ಅದು. ಓಟಿಜಿಯಲ್ಲಿ ಮೇಲೂ ಕೆಳಗೂ ಸರಳುಗಳಿದ್ದು ಜಾಗ ಕಿರಿದಾದ್ದರಿಂದ, ಕೇಕಿನ ನೆತ್ತಿ ಮೇಲಿನ ಸರಳಿಗೆ ತೀರಾ ಹತ್ತಿರವಾಗಿ ಬೇಗ ಸೀಯುತ್ತದೆ. ಟಿನ್ನನ್ನು ಒಂದು ಮೆಟ್ಟಿಲು ಕೆಳಗಿಟ್ಟು, ಕನಿಷ್ಠ 15 ನಿಮಿಷ ಮುಂಚೆ ಕಾಯಿಸಿ, ಮೂರರಲ್ಲಿ ಎರಡು ಭಾಗ ಸಮಯ ಕಳೆದು ಹಿಟ್ಟು ನಿಂತ ಮೇಲೆ ಟಿನ್ನನ್ನು ಅರ್ಧ ಸುತ್ತು ತಿರುಗಿಸಿದರೆ ಒಂದೇ ಬದಿ ಏರುವುದು ತಪ್ಪುತ್ತದೆ. ಅದಕ್ಕೂ ಮೊದಲು ಬಾಗಿಲು ತೆರೆಯುವುದು ನಡುವನ್ನು ಕುಸಿಯುವಂತೆ ಮಾಡುವ ಖಚಿತ ದಾರಿ. ತಿರುಗುವ ತಟ್ಟೆಯ ಕನ್ವೆಕ್ಷನ್ ಮೈಕ್ರೋವೇವಿನಲ್ಲಿ ಓರೆಯ ಸಮಸ್ಯೆ ಕಡಿಮೆ, ಆದರೆ ಫ್ಯಾನಿನ ಬಿಸಿಗಾಳಿ ಮೇಲ್ಮೈಯನ್ನು ಬೇಗ ಗಟ್ಟಿಮಾಡುತ್ತದೆ. ಅಲ್ಲಿ 15ರಿಂದ 20 ಡಿಗ್ರಿ ಇಳಿಸುವುದು ಒಳ್ಳೆಯದು.

ಟಿನ್ನಿನ ಆಯ್ಕೆಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. ನೇರ ಗೋಡೆಯ, ತಿಳಿಬಣ್ಣದ, ದಪ್ಪ ಅಲ್ಯೂಮಿನಿಯಂ ಟಿನ್ನು ಉತ್ತಮ. ಕಪ್ಪು ನಾನ್‌ಸ್ಟಿಕ್ ಟಿನ್ನು ಕಾವನ್ನು ಹೆಚ್ಚು ಹೀರುವುದರಿಂದ ಅಂಚು ಬೇಗ ನಿಲ್ಲುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಕೇಕ್ ಮಾಡುವ ರೂಢಿ ನಮ್ಮ ಮನೆಗಳಲ್ಲಿ ಇದ್ದರೂ, ಸ್ಟೇನ್‌ಲೆಸ್ ಸ್ಟೀಲ್ ಅಲ್ಯೂಮಿನಿಯಮ್ಮಿನ ಹತ್ತನೇ ಒಂದು ಪಾಲಿನಷ್ಟೂ ಚೆನ್ನಾಗಿ ಕಾವನ್ನು ಹರಡುವುದಿಲ್ಲ, ತಳದಲ್ಲಿ ಅಲ್ಲಲ್ಲಿ ಕಪ್ಪು ಕಲೆ ಉಳಿಯುತ್ತದೆ. 10 ಅಂಗುಲಕ್ಕಿಂತ ದೊಡ್ಡ ಟಿನ್ನಿಗೆ, ಕ್ರೀಮಿನ ಹೂ ಮಾಡುವ ಲೋಹದ ಮೊಳೆಯನ್ನು ತಲೆಕೆಳಗಾಗಿ ನಡುವೆ ನಿಲ್ಲಿಸುವ ಕ್ರಮವಿದೆ. ಮೊಳೆ ನಡುವಿಗೆ ಕಾವನ್ನು ಒಯ್ಯುತ್ತದೆ. 6-8 ಅಂಗುಲದ ಕೇಕಿಗೆ ಅದರ ಅಗತ್ಯವಿಲ್ಲ.

ಹಿಟ್ಟಿನೊಳಗಿನ ದೋಷವನ್ನು ಯಾವ ಪಟ್ಟಿಯೂ ಮುಚ್ಚಲಾರದು. ಮೈದಾ ಹಾಕಿದ ಮೇಲೆ ಹೆಚ್ಚು ಕಲಸಿದರೆ ಗ್ಲುಟೆನ್ ಬಲಿತು ನೆತ್ತಿ ಚೂಪಾಗುತ್ತದೆ, ತಿರುಳಿನಲ್ಲಿ ಸುರಂಗಗಳು ಮೂಡುತ್ತವೆ. ಮೈದಾ ಮತ್ತು ಸಕ್ಕರೆಗೆ ಮೊದಲೇ ಬೆಣ್ಣೆ ಬೆರೆಸಿ ನಂತರ ದ್ರವ ಸೇರಿಸುವ ವಿಧಾನದಲ್ಲಿ ಬೆಣ್ಣೆ ಮೈದಾದ ಕಣಗಳಿಗೆ ಹೊದಿಕೆಯಾಗಿ ಗ್ಲುಟೆನ್ ಬೆಳೆಯುವುದನ್ನು ತಡೆಯುತ್ತದೆ, ಕೇಕು ಏರುವುದು ತುಸು ಕಡಿಮೆ, ನೆತ್ತಿ ಮಾತ್ರ ಸಮ. ಅಮೆರಿಕದ ರೋಸ್ ಲೆವಿ ಬೆರನ್‌ಬಾಮ್ 1988ರ ‘ದ ಕೇಕ್ ಬೈಬಲ್’ ಪುಸ್ತಕದ ಮೂಲಕ ಈ ವಿಧಾನವನ್ನು ಮನೆ ಅಡುಗೆಯವರಲ್ಲಿ ಜನಪ್ರಿಯಗೊಳಿಸಿದರು. ಟಿನ್ನು ದೊಡ್ಡದಾದಷ್ಟೂ ಬೇಕಿಂಗ್ ಪೌಡರಿನ ಪ್ರಮಾಣವನ್ನು ಇಳಿಸಬೇಕೆಂಬುದನ್ನೂ ಅವರು ಲೆಕ್ಕಹಾಕಿ ತೋರಿಸಿದರು.

ಬೇಕಿಂಗ್ ಪೌಡರಿನ ಲೆಕ್ಕದಲ್ಲಿ ಊರಿನ ಎತ್ತರವೂ ಸೇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಇನ್ನೂ ಮೇಲೆ. ಎತ್ತರದ ಊರುಗಳಿಗೆ ಹೇಳುವ ತಿದ್ದುಪಡಿಗಳು ಶುರುವಾಗುವುದು ಸರಿಸುಮಾರು ಇದೇ ಮಟ್ಟದಿಂದ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಅನಿಲ ಹೆಚ್ಚು ಹಿಗ್ಗುತ್ತದೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನಲ್ಲಿ ಚೆನ್ನಾಗಿ ಬರುತ್ತಿದ್ದ ಕೇಕು ಬೆಂಗಳೂರಿನಲ್ಲಿ ಭರದಿಂದ ಉಬ್ಬಿ ನಡುವೆ ಇಳಿದುಹೋದರೆ ಕೈಗುಣವನ್ನು ದೂರಬೇಕಾಗಿಲ್ಲ. ಪ್ರತಿ ಟೀ ಚಮಚ ಬೇಕಿಂಗ್ ಪೌಡರಿನಲ್ಲಿ ಎಂಟನೇ ಒಂದು ಭಾಗ ಕಡಿಮೆ ಮಾಡಿ, ಪ್ರತಿ ಕಪ್ ದ್ರವಕ್ಕೆ ಒಂದು ದೊಡ್ಡ ಚಮಚ ಹೆಚ್ಚು ಸೇರಿಸಿದರೆ ಸಾಮಾನ್ಯವಾಗಿ ಹದ ಮರಳುತ್ತದೆ.

ಎರಡು ಮೂರು ಪದರ ಬೇಯಿಸುವಾಗ ಟಿನ್ನುಗಳಿಗೆ ಹಿಟ್ಟನ್ನು ಕಣ್ಣಂದಾಜಿನಲ್ಲಿ ಸುರಿಯದೆ ತಕ್ಕಡಿಯಲ್ಲಿ ತೂಗಿ ಹಂಚಬೇಕು. ಎತ್ತರದ ಒಂದೇ ಕೇಕು ಬೇಯಿಸಿ ಅಡ್ಡಡ್ಡ ಸೀಳುವುದಕ್ಕಿಂತ ತೆಳು ಪದರಗಳನ್ನು ಬೇರೆಬೇರೆ ಬೇಯಿಸುವುದು ಮೇಲು. ಹಿಟ್ಟಿನ ದಪ್ಪ ಕಡಿಮೆಯಾದಷ್ಟೂ ತಳದಿಂದ ಮತ್ತು ಮೇಲಿನಿಂದ ಬರುವ ಕಾವು ನಡುವನ್ನು ಬೇಗ ಮುಟ್ಟುತ್ತದೆ, ಅಂಚಿಗೂ ನಡುವಿಗೂ ಇರುವ ಅಂತರ ಅಷ್ಟಕ್ಕಷ್ಟೇ ಉಳಿಯುತ್ತದೆ. ಅಯ್ಯಂಗಾರ್ ಬೇಕರಿಗಳ ಹನಿ ಕೇಕಿನ ಚೌಕಗಳು ನೇರವಾಗಿರುವುದರಲ್ಲಿ ಅಗಲ ತಟ್ಟೆಯ ತೆಳು ಪದರದ ಪಾಲು ದೊಡ್ಡದು.

ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದೆ ಒಂದೆರಡು ಪುಡಿ ಮಾತ್ರ ಹತ್ತಿದರೆ ಕೇಕು ಬೆಂದಿದೆ. ಹತ್ತು ನಿಮಿಷ ಟಿನ್ನಿನಲ್ಲೇ ಬಿಟ್ಟು, ಜಾಲರಿಯ ಮೇಲೆ ಬೋರಲು ಹಾಕಿ ಆರಿಸಿದರೆ, ಉಳಿದಿರಬಹುದಾದ ಸಣ್ಣ ಉಬ್ಬು ಕೇಕಿನ ತೂಕಕ್ಕೇ ಕುಳಿತು ಸಮವಾಗುತ್ತದೆ.