ತಾಳಕ್ಕೆ ತಕ್ಕ ಮೇಳವೋ, ಮೇಳಕ್ಕೆ ತಕ್ಕ ತಾಳವೋ?

ಬಸವಕಲ್ಯಾಣದಲ್ಲಿ ಮದುವೆ ಆರ್ಕೆಸ್ಟ್ರಾಗಳಿಗೆ ಡ್ರಮ್ ಬಾರಿಸುವ ಯುವಕನೊಬ್ಬ ನಮ್ಮಲ್ಲಿಗೆ ಬಂದಿದ್ದ. "ಕಾಕಾ, ಹಳಿ ರೆಕಾರ್ಡಿನ್ಯಾಗ ಬರ್ತದಲ್ರಿ, ಅಂಥ ಬೆಚ್ಚನ ಆವಾಜಿನ ರೈಡ್ ಸಿಂಬಲ್ ತಗೋಬೇಕಂತ ಮಾಡೀನಿ. ಯಾವುದು ತಗೋಲ್ರಿ?" ಎಂದು ಕೇಳಿದ. ಅವನ ಮೊಬೈಲಿನಲ್ಲಿ 'ವಿಂಟೇಜ್' ಎಂಬ ಹಣೆಪಟ್ಟಿ ಹೊತ್ತ ಹತ್ತಾರು ತಟ್ಟೆಗಳ ಚಿತ್ರಗಳಿದ್ದವು. ಎಲ್ಲವೂ ಮಾಸಿದ ಬಣ್ಣದವು, ಎಲ್ಲವೂ ಹೊಚ್ಚ ಹೊಸವು!

ಹಳೆಯ ದನಿಯನ್ನು ಹೊಸ ಅಂಗಡಿಯಲ್ಲಿ ಕೊಳ್ಳಬಹುದೇ? ಈ ಪ್ರಶ್ನೆ ಕೇವಲ ವಾದ್ಯದ್ದಲ್ಲ, ನಮ್ಮ ಕಾಲದ ಕಿವಿಯದ್ದು ಎಂದು ನಮಗನಿಸುತ್ತದೆ.

ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಗೆಳೆಯರ ಹಾಡಿನ ತಂಡಕ್ಕೆಂದು ನಾವು ಪಳಪಳ ಹೊಳೆಯುವ ತಟ್ಟೆಯೊಂದನ್ನು ಕಣ್ಣಿನಿಂದಲೇ ಆರಿಸಿ ತಂದಿದ್ದೆವು. ಅದು ಕಂಚಲ್ಲ, ಹಿತ್ತಾಳೆ. ಸಭಾಂಗಣದಲ್ಲಿ ಬಾರಿಸಿದಾಗ ಅಡುಗೆಮನೆಯಲ್ಲಿ ಪರಾತ ಬಿದ್ದಂತಾಯಿತು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಒಳ್ಳೆಯ ಸಿಂಬಲ್ಲಿನ ಕಂಚೆಂದರೆ ಸುಮಾರು 80 ಪಾಲು ತಾಮ್ರ, 20 ಪಾಲು ತವರ. ನಮ್ಮ ಗಂಟೆ, ತಾಳಗಳ ಕಂಚೂ ಹೆಚ್ಚುಕಡಿಮೆ ಇದೇ. ಈ ಲೋಹದ ಗುಣ ವಿಚಿತ್ರವಾದದ್ದು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಉಕ್ಕು ಪೆಡಸಾಗುತ್ತದೆ. ತವರ ಹೆಚ್ಚಿರುವ ಕಂಚು ಅದೇ ನೀರಿನಿಂದ ಪೆಡಸು ಬಿಟ್ಟು ಸುತ್ತಿಗೆಗೆ ಬಗ್ಗುತ್ತದೆ. ಒಂದೊಂದು ಪೆಟ್ಟಿಗೂ ತಟ್ಟೆಯ ಬಿಗಿ ಅಲ್ಲಲ್ಲಿ ಬದಲಾಗುತ್ತದೆ. ಆದುದರಿಂದಲೇ ಕೈಸುತ್ತಿಗೆಯ ತಟ್ಟೆ ಒಂದೇ ಸ್ವರದಲ್ಲಿ ಕಿರುಚದೆ ಹಲವು ದನಿಗಳನ್ನು ಬೆರೆಸಿ ನುಡಿಯುತ್ತದೆ. ಬೆಚ್ಚಗಿನ ನಾದವೆಂದು ನಾವು ಕರೆಯುವುದು ಇದನ್ನೇ.

ಇದರ ತವರು ಇಸ್ತಾಂಬುಲ್. ಅಲ್ಲಿಯ ಅರ್ಮೇನಿಯನ್ ಲೋಹಗಾರ ಅವೆದಿಸ್ 1618ರಲ್ಲಿ ಈ ಮಿಶ್ರಣವನ್ನು ಕಂಡುಕೊಂಡನೆಂಬುದು ಝಿಲ್ಜಿಯನ್ ಮನೆತನದ ಹೇಳಿಕೆ. ಉಸ್ಮಾನಿ ಸೇನೆಯ ಮೆಹ್ತರ್ ವಾದ್ಯಮೇಳದಲ್ಲಿ ಮೊಳಗುತ್ತಿದ್ದ 'ಝಿಲ್' ಎಂಬ ತಾಳವೇ ಆ ಮನೆತನದ ಹೆಸರಾಯಿತು. 1929ರಲ್ಲಿ ಆ ಮನೆತನದ ಒಂದು ಕವಲು ಅಮೆರಿಕದಲ್ಲಿ ಕಾರ್ಖಾನೆ ತೆರೆಯಿತು. ಇಸ್ತಾಂಬುಲಿನ ಕುಲುಮೆ 1970ರ ದಶಕದ ಕೊನೆಯವರೆಗೂ ಉರಿಯಿತು. ಅದು ಆರಿದಾಗ ಅಲ್ಲಿಯೇ ಪಳಗಿದ ಇಬ್ಬರು, ತುರ್ಕಿಯ ಮೆಹಮೆತ್ ಮತ್ತು ಅರ್ಮೇನಿಯನ್ ಆಗೋಪ್, 1980ರ ದಶಕದ ಆರಂಭದಲ್ಲಿ ಕೂಡಿ ಕೆಲಸ ಹಿಡಿದು, ತಟ್ಟೆಗಳ ಮೇಲೆ ಇಬ್ಬರ ಹೆಸರನ್ನೂ ಬರೆದರು.

ಇನ್ನು ರೈಡ್‌ನ ವಿಚಾರ. ಕ್ರ್ಯಾಶ್ ಸಿಂಬಲ್ ಸಿಡಿದು ಸುಮ್ಮನಾಗುತ್ತದೆ; ರೈಡ್ ಹಾಡಿನುದ್ದಕ್ಕೂ ಲಯ ಹಿಡಿದು ನಡೆಯುತ್ತದೆ. 1940ರ ಸುಮಾರಿಗೆ ಜಾಝ್ ವಾದಕ ಕೆನ್ನಿ ಕ್ಲಾರ್ಕ್, ದೊಡ್ಡ ಡ್ರಮ್ಮಿನ ಮೇಲಿದ್ದ ಲಯದ ಭಾರವನ್ನು ಇಳಿಸಿ ಈ ತಟ್ಟೆಗೆ ವಹಿಸಿದರು. 1946ರಲ್ಲಿ ಇಸ್ಲಾಂ ಸ್ವೀಕರಿಸಿ ಲಿಯಾಖತ್ ಅಲಿ ಸಲಾಂ ಆದವರು ಅವರೇ. ಲಯದ ಸದ್ದು ಹಗುರಾದೊಡನೆ ಉಳಿದ ವಾದ್ಯಗಳಿಗೆ ಉಸಿರಾಡಲು ಜಾಗ ಸಿಕ್ಕಿತು. ಅವರು ಮಾಡಿದ ಬದಲಾವಣೆಯ ತಿರುಳು ಇದು: ಜೋರಾಗಿ ಬಾರಿಸುವುದಲ್ಲ, ಜಾಗ ಬಿಡುವುದು.

ನಮ್ಮ ಸೀಮೆಗೆ ಇದೇನು ಹೊಸ ಪಾಠವೇ? ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಹುಮನಾಬಾದಿನ ಮಾಣಿಕನಗರದಲ್ಲಿ ನೆಲೆಸಿ, 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಹಲವು ನುಡಿಗಳಲ್ಲಿ ಪದ ಕಟ್ಟಿದರು. ಎಲ್ಲ ಮತಗಳಿಗೂ ಮನ್ನಣೆಯಿತ್ತ ಅವರ ಬಳಿಗೆ ಹಿಂದೂಗಳಂತೆ ಮುಸ್ಲಿಮರೂ ಬರುತ್ತಿದ್ದರು. ಈ ಭಾಗದ ಭಜನೆಯಲ್ಲಿ ತಾಳ ಹಿಡಿದವನು ಪದದ ಸೊಲ್ಲನ್ನು ಮುಚ್ಚಿಹಾಕಿದರೆ ಹಿರಿಯರು ಕಣ್ಣಲ್ಲೇ ಗದರುತ್ತಾರೆ. ಮೊಹರಮ್ಮಿನಲ್ಲಿ ರಿವಾಯತ್ ಪದ ಹೇಳುವವನ ದನಿ ಎದ್ದಾಗ ಹಲಗೆ ತಗ್ಗುತ್ತದೆ. ಆದರೆ ಇಂದು ಅದೇ ಬೀದಿಗಳಲ್ಲಿ ಡಿಜೆ ಪೆಟ್ಟಿಗೆಗಳು ಎದೆ ನಡುಗಿಸುತ್ತಿವೆ. 'ಕಂಚಿನ ಕಂಠ' ಎಂದು ಹೊಗಳುವ ನಾವು ಕಂಚಿಗೆ ಮೆಲ್ಲಗೆ ಮಾತನಾಡಲೂ ಬರುತ್ತದೆಂಬುದನ್ನು ಮರೆತಿದ್ದೇವೆ.

ಹಾಗಾದರೆ ಆರಿಸುವುದು ಹೇಗೆ? ಬಣ್ಣ ನೋಡಬೇಡಿ, ಮಾಸಿದ ಬಣ್ಣವನ್ನು ಕಾರ್ಖಾನೆಯಲ್ಲೇ ಬರಿಸುತ್ತಾರೆ. ತೂಕ ಕೇಳಿ. 22 ಇಂಚಿನ ತಟ್ಟೆ 2,200ರಿಂದ 2,500 ಗ್ರಾಂ ಒಳಗಿದ್ದರೆ ತೆಳುವಾದದ್ದು, ದನಿ ತಗ್ಗಿನದು. 3,000 ಗ್ರಾಂ ದಾಟಿದರೆ ಮೊನಚಾಗಿ 'ಟಿಂಗ್' ಎನ್ನುವಂಥದ್ದು. ನಿಮ್ಮದೇ ಕೋಲು ಒಯ್ಯಿರಿ. ನೈಲಾನ್ ತುದಿಗಿಂತ ಮರದ ತುದಿ ಮೆದು. ಒಂದೇ ಪೆಟ್ಟು ಹೊಡೆದು ತೀರ್ಮಾನಿಸದೆ ಐದು ನಿಮಿಷ ಲಯ ಹಿಡಿಯಿರಿ. ತಟ್ಟೆಯ ಮೊರೆತ ಏರುತ್ತಾ ಹೋಗಿ ಕೋಲಿನ ಪೆಟ್ಟನ್ನೇ ನುಂಗಿದರೆ ಅದು ಬೇಡ. ನಿಜಕ್ಕೂ ಹಳೆಯದಾದರೆ ಅಂಚಿನಲ್ಲಿ, ನಡುವಿನ ತೂತಿನ ಸುತ್ತ ಬಿರುಕಿದೆಯೇ ಎಂದು ಬೆರಳಾಡಿಸಿ ನೋಡಿ. ಕೊನೆಗೆ ಬೇರೆಯವರ ಕೈಗೆ ಕೋಲು ಕೊಟ್ಟು, ಹತ್ತು ಹದಿನೈದು ಅಡಿ ದೂರ ನಿಂತು ಕೇಳಿ. ಬಾರಿಸುವವನ ಕಿವಿ ತಟ್ಟೆಯ ಪಕ್ಕದಲ್ಲಿರುತ್ತದೆ, ಕೇಳುವವರದ್ದು ಅಲ್ಲಿರುವುದಿಲ್ಲ.

ಮುಖ್ಯವಾದದ್ದು ಇನ್ನೊಂದಿದೆ. ಒಂಟಿಯಾಗಿ ಚಂದ ಕೇಳುವ ತಟ್ಟೆ ಹಾಡಿನ ಜೊತೆಯೂ ಚಂದವಿರಬೇಕೆಂದಿಲ್ಲ. ತಾಳಕ್ಕೆ ತಕ್ಕ ಮೇಳ ಎನ್ನುತ್ತಾರೆ. ತಟ್ಟೆ ಕೊಳ್ಳುವವನು ಆ ಮಾತನ್ನು ತಿರುಗಿಸಿಕೊಳ್ಳಬೇಕು. ಯಾರ ದನಿಯ ಜೊತೆ ಅದು ನಡೆಯಬೇಕೋ ಅವರೆದುರೇ ಅದರ ಪರೀಕ್ಷೆಯಾಗಬೇಕು.

ಇಷ್ಟನ್ನೂ ಕೇಳಿದ ಯುವಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲನ್ನು ಜೇಬಿಗೆ ಹಾಕಿಕೊಂಡ. "ಹಂಗಾದ್ರ ಅಂಗಡಿಗಿ ಒಬ್ಬನೇ ಹೋಗಲ್ರಿ ಕಾಕಾ. ನಮ್ಮ ಹಾಡೋರಿಗೂ ಕರ್ಕೊಂಡು ಹೋಗ್ತೀನಿ" ಎಂದ. ಅವನ ಆಯ್ಕೆ ಅರ್ಧ ಮುಗಿದಂತೆಯೇ ಸರಿ.